ಒಂದು ಅಂಕ

ತೇರ್ಗಡೆಗೆ 35 ಬೇಕಿದ್ದ ಕಾಲ. ರಾತ್ರಿ ಕನ್ನಡದ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಒಬ್ಬ ಹುಡುಗನಿಗೆ 34 ಬಂತು. ಮನಸ್ಸು ಕರಗಿ, ಹುಡುಕಿ ಹುಡುಕಿ ಒಂದಂಕ ಕೂಡಿಸಿದೆ. ಪುಣ್ಯ ಕಟ್ಟಿಕೊಂಡೆನೆಂದು ಬೀಗಿದೆ. ಮರುಗಳಿಗೆಯೇ ಅಳುಕು. ಬೆಳಗಿನ ಕಟ್ಟಿನಲ್ಲೂ 34 ಬಂದವನೊಬ್ಬನಿದ್ದನಲ್ಲ? ಅವನ ಬರಹ ಕಾಗೆ ಕಾಲು, ಗುಬ್ಬಿ ಕಾಲು. ಅವನಿಗಾಗಿ ನಾನು ಹುಡುಕಿರಲಿಲ್ಲ.

ಓದಿದ್ದೊಂದು ನೆನಪಾಯಿತು. 1913ರಲ್ಲಿ ಅಮೆರಿಕದ ಸ್ಟಾರ್ಚ್, ಎಲಿಯಟ್ ಎಂಬಿಬ್ಬರು ರೇಖಾಗಣಿತದ ಒಂದೇ ಉತ್ತರಪತ್ರಿಕೆಯನ್ನು ನೂರಕ್ಕೂ ಮಿಕ್ಕ ಉಪಾಧ್ಯಾಯರಿಂದ ತಿದ್ದಿಸಿದರು. 28 ಕೊಟ್ಟವರಿದ್ದರು, 90 ದಾಟಿಸಿದವರೂ ಇದ್ದರು. ಗಣಿತದ ಗತಿಯೇ ಹೀಗಾದರೆ ನನ್ನ ಕನ್ನಡ ಪ್ರಬಂಧದ ಪಾಡೇನು?

ದಯೆ ತಪ್ಪಲ್ಲ, ಕಣ್ಣಿಗೆ ಹಿಡಿಸಿದವನಿಗಷ್ಟೇ ತೋರುವ ದಯೆ ಪಕ್ಷಪಾತ. ದೀಪ ಆರಿಸಲಿಲ್ಲ. ಬೆಳಗಿನ ಕಟ್ಟನ್ನು ಬಿಚ್ಚಿದೆ.