ಗಜಪುಷ್ಪಿಯ ಮಾಲೆ

ಒಡಹುಟ್ಟಿದವರಲ್ಲಿ ಒಬ್ಬನನ್ನು ವೀರನನ್ನಾಗಿಯೂ ಮತ್ತೊಬ್ಬನನ್ನು ಖಳನನ್ನಾಗಿಯೂ ನಿಲ್ಲಿಸಿ ಕಾದಾಡಿಸುವ ಕಥೆಗಳನ್ನು ಇಂದಿನ ಬಾಲಕರು ಪಶ್ಚಿಮದ ಕಾಮಿಕ್ಸ್ ಪುಸ್ತಕಗಳಿಂದ ಚೆನ್ನಾಗಿ ಬಲ್ಲರು. ಅಮೆರಿಕದ ಮಾರ್ವೆಲ್ ಸಂಸ್ಥೆಯವರು 1962ರಲ್ಲಿ ಸಿಡಿಲಿನ ದೇವತೆಯಾದ ಥಾರನನ್ನು ವೀರನಾಗಿ ತಂದು, ಮಾಯಾವಿಯಾದ ಲೋಕಿಯನ್ನು ಅವನಿಗೆ ಎದುರಾಳಿಯಾಗಿ ಹೂಡಿದಾಗ, ಇಬ್ಬರನ್ನೂ ಒಂದೇ ಮನೆಯಲ್ಲಿ ಬೆಳೆದ ಸೋದರರನ್ನಾಗಿ ಮಾಡಿದರು. ಉತ್ತರ ಯೂರೋಪಿನ ಪ್ರಾಚೀನ ಪುರಾಣದಲ್ಲಿ ಈ ಸಂಬಂಧವಿಲ್ಲ, ಅಲ್ಲಿ ಲೋಕಿಯು ಥಾರನ ತಂದೆಯಾದ ಓಡಿನ್ನನೊಡನೆ ಸೋದರತ್ವದ ಪ್ರತಿಜ್ಞೆ ಮಾಡಿಕೊಂಡವನು. ಇಲ್ಲದ ನಂಟನ್ನು ಅವರು ಕಲ್ಪಿಸಿದುದೇಕೆ? ಪರಕೀಯನನ್ನು ಗೆಲ್ಲುವುದಕ್ಕೆ ಬಲವಿದ್ದರೆ ಸಾಕು. ಅಣ್ಣನನ್ನೋ ತಮ್ಮನನ್ನೋ ಗೆಲ್ಲುವಲ್ಲಿ, ಗೆಲ್ಲುವುದಕ್ಕೆ ನನಗೇನು ಅಧಿಕಾರವೆಂಬ ಪ್ರಶ್ನೆ ಬಲಿಷ್ಠನನ್ನೂ ತಡೆದು ನಿಲ್ಲಿಸುತ್ತದೆ.

ಆ ಪ್ರಶ್ನೆಗೆ ನಮ್ಮ ನಾಡು ಬಹಳ ಹಳೆಯ ನೆಲೆ. ತುಂಗಭದ್ರೆಯ ತಡಿಯ ಆನೆಗೊಂದಿಯ ಬಂಡೆಗುಡ್ಡಗಳನ್ನೇ ಜನ ಅಣ್ಣತಮ್ಮಂದಿರಾದ ವಾಲಿಸುಗ್ರೀವರ ಕಿಷ್ಕಿಂಧೆಯೆಂದು ನಂಬಿದ್ದಾರೆ. ಆಚೆ ದಡದ ಹಂಪೆಯಲ್ಲಿ ಹಜಾರರಾಮನ ಗುಡಿಯ ಗೋಡೆಗಳ ಮೇಲೆ ರಾಮಕಥೆಯನ್ನು ಸಾಲುಸಾಲಾಗಿ, ಒಂದು ಚಿತ್ರದ ಮಗ್ಗುಲಿಗೆ ಇನ್ನೊಂದಾಗಿ ಕಡೆದ ಶಿಲ್ಪಿಗಳು ಚಿತ್ರಕಥೆಯ ಕ್ರಮವನ್ನು ಶತಮಾನಗಳ ಹಿಂದೆಯೇ ಅರಿತಿದ್ದರು. ಅಮರ ಚಿತ್ರಕಥೆಯ ಮೊದಲ ಪುಸ್ತಕಗಳು 1965ರಲ್ಲಿ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಕನ್ನಡದಲ್ಲಿಯೇ ಹೊರಬಂದುವೆಂಬುದನ್ನೂ ನೆನೆಯತಕ್ಕದ್ದು. ಮುಂದೆ, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರ ಕೈಯಲ್ಲಿ ಆ ಮಾಲೆಯು ಪುರಾಣಗಳತ್ತ ತಿರುಗಿದಾಗ, ವಾಲಿಯ ಹೆಸರಿನಲ್ಲಿಯೇ ಒಂದು ಪುಸ್ತಕ ಬಂದಿತು.

ವಾಲಿಯನ್ನೂ ಸುಗ್ರೀವನನ್ನೂ ಚಿತ್ರಿಸುವವನಿಗೆ ಒಂದು ಸಂಕಟವುಂಟು. ಅದು ರಾಮನಿಗೇ ಒದಗಿದ ಸಂಕಟ. ಸುಗ್ರೀವನು ಮೊದಲ ಸಲ ಅಣ್ಣನನ್ನು ಕಾಳಗಕ್ಕೆ ಕರೆದಾಗ ರಾಮನು ಬಿಲ್ಲು ಹಿಡಿದು ಮರೆಯಲ್ಲಿ ನಿಂತಿದ್ದನಾದರೂ ಬಾಣವನ್ನು ಬಿಡಲಿಲ್ಲ. ಇಬ್ಬರೂ ಅಶ್ವಿನೀದೇವತೆಗಳಂತೆ ಒಬ್ಬರನ್ನೊಬ್ಬರು ಹೋಲುತ್ತಿದ್ದುದರಿಂದ, ಕಾಯಬೇಕಾದವನು ಯಾರು, ಕೊಲ್ಲಬೇಕಾದವನು ಯಾರು ಎಂಬುದು ಅವನಿಗೆ ತಿಳಿಯದೆ ಹೋಯಿತು. ಪೆಟ್ಟು ತಿಂದು ಹಿಂದಿರುಗಿದ ಸುಗ್ರೀವನ ಕೊರಳಿಗೆ ಲಕ್ಷ್ಮಣನು ಗಜಪುಷ್ಪಿಯ ಹೂಬಳ್ಳಿಯನ್ನು ತೊಡಿಸಿದ ಮೇಲೆಯೇ ಎರಡನೆಯ ಕಾಳಗ. ಥಾರನ ಬೆನ್ನಿನ ಕೆಂಪು ಮೇಲುವಸ್ತ್ರವೂ ಲೋಕಿಯ ಕೊಂಬಿನ ಶಿರಸ್ತ್ರಾಣವೂ ಓದುಗನಿಗೆ ಮಾಡಿಕೊಡುವ ಉಪಕಾರ ಈ ಬಳ್ಳಿಯ ಉಪಕಾರವೇ. ಧರ್ಮಾಧರ್ಮಗಳು ಮುಖದಲ್ಲಿ ಬರೆದಿರುವುದಿಲ್ಲ. ಹೊರಗಿನಿಂದ ಗುರುತು ತೊಡಿಸಬೇಕಾಗುತ್ತದೆ.

ಹೋಲಿಕೆಯು ರೂಪದಲ್ಲಿಯೇ ಮುಗಿಯಲಿಲ್ಲ. ಮಾಯಾವಿಯೆಂಬ ರಾಕ್ಷಸನನ್ನು ಬೆನ್ನಟ್ಟಿ ವಾಲಿಯು ಬಿಲವನ್ನು ಹೊಕ್ಕಾಗ, ಒಂದು ವರ್ಷ ಕಾದು, ಹೊರಗೆ ಹರಿದ ನೆತ್ತರನ್ನು ಕಂಡು, ಅಣ್ಣನು ಸತ್ತನೆಂದು ಬಗೆದು ಬಾಗಿಲಿಗೆ ಬಂಡೆಯಿಟ್ಟು ಬಂದ ತಮ್ಮನು ಸಿಂಹಾಸನವನ್ನೇರಿದನು. ಬದುಕಿ ಬಂದ ಅಣ್ಣನು ತಮ್ಮನನ್ನು ಓಡಿಸಿ ಅವನ ಪತ್ನಿಯಾದ ರುಮೆಯನ್ನು ಇಟ್ಟುಕೊಂಡನು. ಕಡೆಗೆ ಅಣ್ಣನು ಮಡಿದ ಮೇಲೆ ರಾಜ್ಯವೂ ಅಣ್ಣನ ಪತ್ನಿಯಾದ ತಾರೆಯೂ ತಮ್ಮನ ಪಾಲಾದರು. ಬಾಣ ತಗುಲಿ ಬಿದ್ದ ವಾಲಿಯು, ಮರೆಯಲ್ಲಿ ನಿಂತು ಹೊಡೆದೆಯೇಕೆ ಎಂದು ರಾಮನನ್ನೇ ಕೇಳುತ್ತಾನೆ. ಕರಾವಳಿಯ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಈ ಪ್ರಶ್ನೆಯನ್ನು ಎಷ್ಟು ಹೊತ್ತಾದರೂ ಬೆಳೆಸುತ್ತಾರೆ, ಜನರು ನಿದ್ದೆಗೆಟ್ಟು ಕೇಳುತ್ತಾರೆ. ನಾನು ವಾಸವಾಗಿರುವ ರಾಜಾಜಿನಗರಕ್ಕೆ ಹೆಸರನ್ನಿತ್ತ ಚಕ್ರವರ್ತಿ ರಾಜಗೋಪಾಲಾಚಾರ್ಯರು ಪರಮ ಭಕ್ತಿಯಿಂದ ರಾಮಾಯಣವನ್ನು ಮತ್ತೆ ಹೇಳಿದವರು. ಅವರಿಗೂ ಈ ಸ್ಥಳದಲ್ಲಿ ರಾಮನ ಸಮಾಧಾನವು ಒಪ್ಪಿಗೆಯಾಗಲಿಲ್ಲ, ಅದನ್ನು ಅವರು ಮರೆಮಾಚಲೂ ಇಲ್ಲ. ನಮ್ಮ ಬಡಾವಣೆಯಲ್ಲಿ ರಾಮನವಮಿಯ ಪಾನಕ ಕೋಸಂಬರಿಗಳ ನಡುವೆ ಮಕ್ಕಳಿಗೆ ಕಥೆ ಹೇಳುವ ಹಿರಿಯರು ಆ ಪ್ರಾಮಾಣಿಕತೆಯನ್ನು ಉಳಿಸಿಕೊಳ್ಳಬೇಕೆಂದು ನನ್ನ ಬಿನ್ನಹ.

ಉಡುಪಿಯ ಮಧ್ವಾಚಾರ್ಯರು 13ನೆಯ ಶತಮಾನದಲ್ಲಿ ತಮ್ಮ ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ ವಾಲಿಯ ಪ್ರಶ್ನೆಗೆ ಕೊಟ್ಟ ಉತ್ತರವು ಅತ್ಯಂತ ಧೀರವಾದುದು. ಇಂದ್ರನೇ ವಾಲಿ, ಅವನೇ ಅರ್ಜುನ. ಸೂರ್ಯನೇ ಸುಗ್ರೀವ, ಅವನೇ ಕರ್ಣ. ತ್ರೇತೆಯಲ್ಲಿ ವಾಯುವಿನ ಅವತಾರವಾದ ಹನುಮಂತನು ಸುಗ್ರೀವನ ಕಡೆ ಇದ್ದುದರಿಂದ ಭಗವಂತನ ಒಲವು ಅತ್ತ. ದ್ವಾಪರದಲ್ಲಿ ಅದೇ ವಾಯುವಾದ ಭೀಮನು ಅರ್ಜುನನ ಬಳಿಯಿದ್ದುದರಿಂದ ಒಲವು ಇತ್ತ. ವೀರನ ಪಾತ್ರವೂ ಹತನ ಪಾತ್ರವೂ ಯುಗದಿಂದ ಯುಗಕ್ಕೆ ಅದಲುಬದಲಾಗುತ್ತವೆಂಬ ಈ ದರ್ಶನದ ಘನತೆಗೆ ನಾನು ತಲೆಬಾಗುತ್ತೇನೆ. ಆದರೆ ತನ್ನನ್ನೂ ಅದೇ ಬಾಣದಿಂದ ಕೊಲ್ಲೆಂದು ರಾಮನನ್ನು ಬೇಡುವ ತಾರೆಗೆ, ದ್ವಾಪರದಲ್ಲಿ ಲೆಕ್ಕ ಸರಿಹೋಗುವುದು, ತಾಳಿಕೋ ಎಂದು ಹೇಳುವ ಧೈರ್ಯ ನನಗಿಲ್ಲ.

ನನ್ನ ಮನಸ್ಸು ನೆಮ್ಮದಿಯನ್ನು ಕಾಣುವುದು ಬೇರೊಂದು ಕಡೆ. ವಾಲಿಯ ಸಂಸ್ಕಾರವನ್ನು ಸುಗ್ರೀವನೇ ನಡೆಯಿಸಬೇಕಾಯಿತು. ರಾವಣನ ಸಂಸ್ಕಾರಕ್ಕೆ ಹಿಂಜರಿದ ವಿಭೀಷಣನಿಗೆ, ವೈರವು ಮರಣದೊಡನೆ ಮುಗಿಯಿತೆಂದು ರಾಮನೇ ತಿಳಿಹೇಳಿದನು. ಭಾರತಯುದ್ಧಾನಂತರ ಗಂಗೆಯ ತೀರದಲ್ಲಿ ಕುಂತಿಯು ಕರ್ಣನ ಜನ್ಮದ ಗುಟ್ಟನ್ನು ಹೊರಗೆಡಹಿದಾಗ ಧರ್ಮರಾಜನು ಶೋಕದಿಂದ ಅವನಿಗೆ ಅಗ್ರಜನೆಂದು ತರ್ಪಣವಿತ್ತನು. ಗೆದ್ದವನನ್ನು ನಮ್ಮ ಧರ್ಮವು ಸೋದರತ್ವದ ಋಣದಿಂದ ಬಿಡುಗಡೆ ಮಾಡುವುದಿಲ್ಲ. ತಿಂಗಳಿಗೊಂದು ಸಂಚಿಕೆ ಹೊರಡಬೇಕಾದ ಕಾಮಿಕ್ಸ್‌ನಲ್ಲಿ ಲೋಕಿಯು ನಿಜವಾಗಿ ಸಾಯುವಂತಿಲ್ಲ. ಸತ್ತರೂ ಮರಳಿ ಬರಬೇಕು. ಆದುದರಿಂದ ಥಾರನಿಗೆ ಉತ್ತರಕ್ರಿಯೆಯ ಭಾರವೂ ಇಲ್ಲ, ಆ ಭಾರವನ್ನು ಹೊತ್ತವನಿಗೆ ಮಾತ್ರ ಒದಗುವ ವಿವೇಕವೂ ಇಲ್ಲ. ಕನ್ನಡದಲ್ಲಿ ಮುಂದೆ ಚಿತ್ರಕಥೆ ಬರೆಯುವವರು ಕಾಳಗಕ್ಕೆ ನಾಲ್ಕು ಪುಟಗಳನ್ನು ಕೊಟ್ಟರೆ ಚಿತೆಯ ಬಳಿ ನಿಂತ ಸುಗ್ರೀವನಿಗೆ ಒಂದನ್ನಾದರೂ ಕೊಡಲಿ.