ಹಿಂದೆ ಸರಿದವನಿಗೂ ಒಂದು ಜಾಗ

ಹಳೇಬೀಡಿಗೆ ಬಂದವರಲ್ಲಿ ಹೆಚ್ಚಿನವರು ಹೊಯ್ಸಳೇಶ್ವರ ನೋಡಿ ಬಸ್ಸು ಹತ್ತುತ್ತಾರೆ. ಹತ್ತಿರದ ಬಸದಿಹಳ್ಳಿಯತ್ತ ಹೆಜ್ಜೆ ಹಾಕುವವರು ಕಡಿಮೆ. ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ತಂದೆಯ ನೆನಪಿಗೆ ಕಟ್ಟಿಸಿದ ಪಾರ್ಶ್ವನಾಥ ಬಸದಿ ಇರುವುದು ಅಲ್ಲಿ. ಹೊಯ್ಸಳೇಶ್ವರದ ಹೊರಗೋಡೆಯ ತುಂಬ ಆನೆ, ಸಿಂಹ, ಕುದುರೆ, ಪುರಾಣದ ಜನ, ಬೆರಳಿಡಲೂ ಜಾಗವಿಲ್ಲ. ಬಸದಿಯ ಹೊರಗೋಡೆ ಹೆಚ್ಚುಕಡಿಮೆ ಬೋಳು. ಒಳಗೆ ಮುಖ ಕಾಣುವಷ್ಟು ನುಣುಪಾದ ಕಂಬಗಳು. ಗರ್ಭಗುಡಿಯಲ್ಲಿ ಹಾವಿನ ಹೆಡೆಯ ಕೆಳಗೆ ನೆಟ್ಟಗೆ ನಿಂತ, ಆಳೆತ್ತರ ಮೀರಿದ ಜಿನ. ತೋಳುಗಳು ಇಳಿಬಿದ್ದಿವೆ, ಕೈಯಲ್ಲಿ ಏನೂ ಇಲ್ಲ. ಯಾರಿಂದಲೂ ಏನನ್ನೂ ಬೇಡದ ನಿಲುವು ಅದು.

ಗುಂಪಿಗೂ ಗುಂಪು ತೊರೆದವನಿಗೂ ಆ ಊರು ಜಾಗ ಕೊಟ್ಟಿತ್ತು, ಅದೂ ಒಂದೇ ಕಾಲದಲ್ಲಿ.

ಗುಂಪು ಬಿಟ್ಟವರಿಗೆಲ್ಲ ಇಂಥ ಜಾಗ ಸಿಗುವುದಿಲ್ಲ. ಜಪಾನಿನಲ್ಲಿ ಗುಂಪಿಗೆ ಒಗ್ಗದ ಎಷ್ಟೋ ಮಂದಿ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ, ವರ್ಷಗಟ್ಟಲೆ. ಅಲ್ಲಿ ಅವರನ್ನು ಹಿಕಿಕೊಮೊರಿ ಎನ್ನುತ್ತಾರೆ. ಮನೋವೈದ್ಯ ಸೈತೋ ತಮಾಕಿ 1998ರಲ್ಲಿ ಈ ಬಗ್ಗೆ ಪುಸ್ತಕ ಬರೆದರು. ಸರ್ಕಾರದ 2022ರ ಸಮೀಕ್ಷೆ ಇಂಥವರ ಸಂಖ್ಯೆಯನ್ನು ಸುಮಾರು 14.6 ಲಕ್ಷ ಎಂದು ಅಂದಾಜಿಸಿತು. ಕಲಾವಿದ ಅತ್ಸುಶಿ ವತನಬೆ ತಾವೂ ಹಾಗೆ ಕೋಣೆ ಸೇರಿ, ಆಮೇಲೆ ಹೊರಬಂದವರು. ಬಾಗಿಲ ಹಿಂದಿರುವವರಿಂದ ಅವರವರ ಕೋಣೆಯ ಫೋಟೊ ತರಿಸಿಕೊಂಡು ಜನರ ಮುಂದಿಟ್ಟರು. ಬಾಗಿಲು ತೆಗೆಸಲಿಲ್ಲ, ಒಳಗೆ ಒಬ್ಬರಿದ್ದಾರೆ ಎಂಬುದನ್ನು ಮಾತ್ರ ಕಾಣಿಸಿದರು.

ಬಸದಿಯ ಜಿನನಿಗೂ ಕೋಣೆ ಸೇರಿದ ಇವರಿಗೂ ಎಲ್ಲಿಯ ಸಾಟಿ ಎಂದು ಯಾರಾದರೂ ಕೇಳಬಹುದು. ಜಿನ ಗೆದ್ದು ತೊರೆದವನು, ಇವರು ಸೋತು ಕೂತವರು. ಒಪ್ಪುತ್ತೇನೆ. ಕೋಣೆಯ ನೋವಿಗೆ ವೈರಾಗ್ಯದ ಬಣ್ಣ ಬಳಿಯುವುದು ಕ್ರೂರತನವೇ ಸರಿ. ನನ್ನ ವಾದ ನೋಡುವವರ ಬಗ್ಗೆ. ಗೆದ್ದು ತೊರೆದವನನ್ನು ಎಲ್ಲರೂ ಕಾಣುವಂತೆ ನಿಲ್ಲಿಸಿ, ಸೋತವನನ್ನು ಮನೆಯ ಗುಟ್ಟು ಮಾಡಿದರೆ ನಮ್ಮ ಗೌರವ ಸಂದದ್ದು ಗೆಲುವಿಗೆ ಮಾತ್ರ.

ಇದು ದೂರದ ದೇಶದ ಮಾತಷ್ಟೇ ಅಲ್ಲ. ಅರಸೀಕೆರೆಯ ಕಡೆಯೂ ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಬೆಂಗಳೂರಿನಿಂದ ಊರಿಗೆ ಮರಳಿದ ಮಗ ಹಗಲೆಲ್ಲ ಚಿಲಕ ಹಾಕಿಕೊಂಡಿದ್ದರೆ, ಬಂದ ನೆಂಟರಿಗೆ ಹೇಳಲು ಒಂದು ಮಾತು ಸಿದ್ಧವಿರುತ್ತದೆ: ‘ಮನೇಲೇ ಕಂಪ್ಯೂಟರ್ ಕೆಲಸ ಮಾಡ್ತಿದಾನೆ.’ ಮದುವೆ, ಗೃಹಪ್ರವೇಶಕ್ಕೆ ಅವನನ್ನು ಕರೆದೊಯ್ಯುವುದಿಲ್ಲ. ನಾಲ್ಕು ಜನ ಏನಂದಾರು ಎಂಬ ಭಯ ಮೊದಲು ಅವನನ್ನು ಒಳಗೆ ತಳ್ಳುತ್ತದೆ. ಆಮೇಲೆ ಅದೇ ಭಯ ಹೊರಗಿನಿಂದಲೂ ಬೀಗ ಹಾಕುತ್ತದೆ.

ಅವನಿಗೆ ವೈದ್ಯರ ನೆರವು ಬೇಕಾಗಬಹುದು. ಕಲೆ ಆ ಕೆಲಸ ಮಾಡಲಾರದು. ಆದರೆ ನಮ್ಮ ಕಥೆ, ನಾಟಕ, ಸಿನಿಮಾಗಳು ಅವನನ್ನು ಸೋಮಾರಿಯೆಂದು ನಗೆಪಾಟಲು ಮಾಡದೆ, ಕೊನೆಯ ದೃಶ್ಯದಲ್ಲಿ ಕೆಲಸಕ್ಕೆ ಹಚ್ಚಿ ‘ಸರಿಪಡಿಸದೆ’, ಇದ್ದ ಹಾಗೆ ತೋರಿಸಲಿ. ಹಾಗೆ ತೋರಿಸಿದರೆ ಅವನ ತಾಯಿ ನೆಂಟರೆದುರು ಸುಳ್ಳು ಹೇಳದೆ ವೈದ್ಯರ ವಿಳಾಸ ಕೇಳಿಯಾಳು.