ವಿಹಾರವು ಪ್ರಮಾದವೇ?

ದಂಪತಿಗಳು ಆಪ್ತರೊಡನೆ ಕೈಗೊಳ್ಳುವ ವಿಹಾರವು ಶ್ರಾವಕರಿಗೆ ಸಲ್ಲುವುದೇ? ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜನವಾದ ಅಲೆದಾಟವನ್ನು ಪ್ರಮಾದಚರ್ಯೆಯೆಂದು ಕರೆದು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ಆದರೆ ಆಪ್ತರೊಡನೆ ಕಳೆದ ಹೊತ್ತು ನಿಷ್ಪ್ರಯೋಜನವಲ್ಲ. ಅದಕ್ಕೆ ದೂರದ ಪಯಣವೂ ಬೇಕಿಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ 1432ರಲ್ಲಿ ಪ್ರತಿಷ್ಠೆಗೊಂಡ ಕಾರ್ಕಳದ ಗೊಮ್ಮಟನನ್ನೂ ಒಂದೇ ಹಗಲಿನಲ್ಲಿ ದರ್ಶಿಸಬಹುದು.

ಪರೀಕ್ಷಿಸಬೇಕಾದುದು ಬೇರೊಂದಿದೆ. ಸೂರ್ಯಾಸ್ತದೊಳಗೆ ಊಟ ಮುಗಿಯಬೇಕೆಂಬ ನಿಯಮವುಳ್ಳ ಮನೆಯಲ್ಲಿ ಗೃಹಿಣಿಯು ನಸುಕಿನಲ್ಲೆದ್ದು ಎರಡು ಹೊತ್ತಿನ ಬುತ್ತಿ ಕಟ್ಟುತ್ತಾಳೆ, ನೀರು ಸೋಸಿ ತುಂಬುತ್ತಾಳೆ, ಹೋದಲ್ಲಿಯೂ ತಾನೇ ಬಡಿಸುತ್ತಾಳೆ. ಪತಿಗೆ ವಿಹಾರವಾದದ್ದು ಸತಿಗೆ ಇಮ್ಮಡಿ ದುಡಿಮೆಯಾಗುತ್ತದೆ. ಒಬ್ಬರ ಆಯಾಸದಿಂದ ಪಡೆದ ಮತ್ತೊಬ್ಬರ ವಿಶ್ರಾಂತಿಯಲ್ಲಿ ಸೂಕ್ಷ್ಮವಾದ ಹಿಂಸೆಯಿದೆ. ಬುತ್ತಿ ಕಟ್ಟುವಲ್ಲಿ, ಬಡಿಸುವಲ್ಲಿ ಪುರುಷರೂ ಕೈಜೋಡಿಸುವುದು ಉಚಿತ. ಹೊರಡುವ ಮುನ್ನ ಶ್ರಾವಕ ಬಂಧುಗಳು ಇದನ್ನು ಆಲೋಚಿಸಬೇಕೆಂದು ವಿನಂತಿ.